ಎರಡು ಕ್ಯಾಮೆರಾಗಳ ನಡುವೆ: ಯಾವುದನ್ನು ಕೊಳ್ಳೋಣ?

(ಎವರೆಟ್‌ನಲ್ಲಿ ಸೇರಿದ್ದ ಕನ್ನಡ ಬಳಗದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯಾಘಾತ ಈ ಮೂರರಲ್ಲಿ ಒಂದರ ಬಗೆಗೆ ಎಚ್ಚರಿಕೆ ಹೇಳಿ, ಬಳಿಕ ಸಭಿಕರೊಂದಿಗೆ ಕೂಡಿ ಹೋಳಿಗೆ ತುಪ್ಪ ಸವಿಯುವುದು ನಮ್ಮ ಸಂಘಗಳ ಪದ್ಧತಿ. ಇಂದು ಆ ಪದ್ಧತಿಯ ಮೊದಲರ್ಧವನ್ನು ಕೈಬಿಡಲು ಸಮಿತಿಯವರು ದಯವಿಟ್ಟು ಒಪ್ಪಿದ್ದಾರೆ. ವೈದ್ಯಕೀಯ ನಮ್ಮ ವೃತ್ತಿ, ಛಾಯಾಗ್ರಹಣ ಪ್ರವೃತ್ತಿ. ಬಳಗದ ಯಾವ ಮನೆಗೆ ಹೋದರೂ ಕಾಫಿ ಕೈಗೆ ಬರುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: “ಡಾಕ್ಟರೇ, ಕ್ಯಾಮೆರಾ ಕೊಳ್ಳಬೇಕೆಂದಿದ್ದೇವೆ. ದೊಡ್ಡ ಸೆನ್ಸರಿನದೋ, ಚಿಕ್ಕ ಸೆನ್ಸರಿನದೋ?” ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲರ ಮುಂದೆ ಒಮ್ಮೆ ಕ್ರಮವಾಗಿ ವಿಚಾರ ಮಾಡೋಣವೆಂಬುದು ಇಂದಿನ ಉದ್ದೇಶ.

ಮೊದಲು ಪದಗಳ ಪರಿಚಯ. ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಪುಟ್ಟ ಕನ್ನಡಿಯಿರುತ್ತಿತ್ತು. ದೃಶ್ಯವನ್ನು ಮೇಲಕ್ಕೆ ಪ್ರತಿಫಲಿಸಿ ನಮ್ಮ ಕಣ್ಣಿಗೆ ತಲಪಿಸುವುದು ಅದರ ಕೆಲಸ. ಆ ಕನ್ನಡಿಯನ್ನು ತೆಗೆದುಹಾಕಿ, ಸೆನ್ಸರ್ ಕಂಡದ್ದನ್ನೇ ಪುಟ್ಟ ವಿದ್ಯುನ್ಮಾನ ಪರದೆಯಲ್ಲಿ ತೋರಿಸುವ ಕ್ಯಾಮೆರಾ ಮಿರರ್‌ಲೆಸ್. ಲೆನ್ಸ್ ಬದಲಾಯಿಸಬಹುದಾದ ಈ ಬಗೆಯ ಕ್ಯಾಮೆರಾವನ್ನು ಪ್ಯಾನಸೋನಿಕ್ ಸಂಸ್ಥೆ 2008ರಲ್ಲಿ ಜಿ-1 ಎಂಬ ಹೆಸರಿನಿಂದ ಹೊರತಂದಿತು. 2013ರಲ್ಲಿ ಸೋನಿ, 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ದೊಡ್ಡ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದವು. ಇನ್ನು ಸೆನ್ಸರ್ ಎಂದರೆ ಹಿಂದೆ ಫಿಲ್ಮ್ ಕುಳಿತಿದ್ದ ಜಾಗದಲ್ಲಿ ಈಗ ಕುಳಿತಿರುವ, ಬೆಳಕನ್ನು ಗ್ರಹಿಸುವ ಫಲಕ. ನೇತ್ರವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಕ್ಯಾಮೆರಾದ ಅಕ್ಷಿಪಟಲ. ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ, ಅಂದರೆ 36ಕ್ಕೆ 24 ಮಿ.ಮೀ. ಇದ್ದರೆ ಅದು ಫುಲ್‌ಫ್ರೇಮ್. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಫಲಕ ಕ್ಯಾನನ್‌ನಲ್ಲಿ ಸುಮಾರು 22.3ಕ್ಕೆ 14.8 ಮಿ.ಮೀ.

ಗಾಳಿಯಲ್ಲಿ ಚರ್ಚಿಸುವುದು ಬೇಡ. ಎರಡು ನಿಜವಾದ ಕ್ಯಾಮೆರಾಗಳನ್ನೇ ಮೇಜಿನ ಮೇಲಿಡೋಣ. ಕ್ಯಾನನ್ ಸಂಸ್ಥೆಯ ಆರ್-7 ಬಂದದ್ದು 2022ರಲ್ಲಿ. ಚಿಕ್ಕ ಸೆನ್ಸರ್, 32.5 ಮೆಗಾಪಿಕ್ಸೆಲ್, ಬ್ಯಾಟರಿ ಮತ್ತು ಕಾರ್ಡ್ ಸೇರಿ 612 ಗ್ರಾಂ ತೂಕ. ಆರ್-8 ಬಂದದ್ದು 2023ರಲ್ಲಿ. ದೊಡ್ಡ ಸೆನ್ಸರ್, 24.2 ಮೆಗಾಪಿಕ್ಸೆಲ್, 461 ಗ್ರಾಂ ತೂಕ. ಬಿಡುಗಡೆಯಾದಾಗ ಅಮೆರಿಕದಲ್ಲಿ ಲೆನ್ಸಿಲ್ಲದೆ ಎರಡಕ್ಕೂ ಒಂದೇ ಬೆಲೆ, 1,499 ಡಾಲರ್. ಈ ಜೋಡಿಯನ್ನು ಬೇಕೆಂದೇ ಆರಿಸಿದ್ದೇವೆ. ದೊಡ್ಡ ಸೆನ್ಸರ್ ಎಂದರೆ ದುಬಾರಿ, ದೊಡ್ಡ ಸೆನ್ಸರ್ ಎಂದರೆ ಭಾರ ಎಂಬ ಎರಡು ನಂಬಿಕೆಗಳನ್ನೂ ಇವು ಒಮ್ಮೆಲೇ ಅಲುಗಿಸುತ್ತವೆ. ಬೆಲೆ ಸಮ, ದೊಡ್ಡ ಸೆನ್ಸರಿನದೇ ಹಗುರ. ಹಾಗಾದರೆ ವ್ಯತ್ಯಾಸವೆಲ್ಲಿದೆ?

ನಮ್ಮ ಹಳ್ಳಿಯ ಮನೆಯಂಗಳವನ್ನು ನೆನೆದುಕೊಳ್ಳಿ. ಮಳೆ ಬರುತ್ತಿದೆ. ಅಂಗಳದಲ್ಲಿ ಒಂದು ಊಟದ ತಟ್ಟೆಯನ್ನೂ ಒಂದು ದೊಡ್ಡ ಪರಾತವನ್ನೂ ಇಟ್ಟಿದ್ದೇವೆ. ಹತ್ತು ನಿಮಿಷದ ಬಳಿಕ ಎರಡರಲ್ಲಿಯೂ ನೀರಿನ ಮಟ್ಟ ಒಂದೇ. ಆದರೆ ಕೊಡಕ್ಕೆ ಬಗ್ಗಿಸಿದರೆ ಪರಾತದ ನೀರೇ ಹೆಚ್ಚು. ಸೆನ್ಸರಿನ ಲೆಕ್ಕವೂ ಇಷ್ಟೇ. ಫುಲ್‌ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ.; ಆರ್-7ರದು ಸುಮಾರು 330. ಒಂದೇ ದೃಶ್ಯವನ್ನು ಒಂದೇ ಅಪರ್ಚರಿನಲ್ಲಿ, ಒಂದೇ ವೇಗದಲ್ಲಿ, ಚೌಕಟ್ಟು ತುಂಬುವಂತೆ ಹಿಡಿದರೆ ದೊಡ್ಡ ಸೆನ್ಸರಿಗೆ ಎರಡೂವರೆ ಪಟ್ಟಿಗೂ ಮಿಗಿಲಾದ ಬೆಳಕು ದಕ್ಕುತ್ತದೆ.

ಹೆಚ್ಚು ಬೆಳಕಿನಿಂದ ಲಾಭವೇನು? ಬೆಳಕು ಫೋಟಾನುಗಳೆಂಬ ಹನಿಗಳಾಗಿ ಬೀಳುತ್ತದೆ. ಹನಿಗಳು ಕಡಿಮೆಯಾದಷ್ಟೂ ಎಣಿಕೆಯ ಏರುಪೇರು ಎದ್ದು ಕಾಣುತ್ತದೆ. ಒಂದು ಬಿಂದುವಿನಲ್ಲಿ 10,000 ಫೋಟಾನುಗಳು ಬಿದ್ದರೆ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು ಪಾಲು. ನೂರೇ ಬಿದ್ದರೆ ಏರುಪೇರು ಹತ್ತು, ಅಂದರೆ ನೂರಕ್ಕೆ ಹತ್ತು ಪಾಲು. ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವ ದೋಷದ ಮೂಲ ಮುಖ್ಯವಾಗಿ ಇದೇ. ವಿಕಿರಣದ ಪ್ರಮಾಣ ತಗ್ಗಿಸಿದರೆ ಎಕ್ಸ್‌ರೇ ಚಿತ್ರವೂ ಹೀಗೆಯೇ ಮಸುಕು ಮಸುಕಾಗಿ, ಕಾಳು ಕಾಳಾಗಿ ಬರುವುದನ್ನು ಆಸ್ಪತ್ರೆಯಲ್ಲಿ ದುಡಿಯುವ ನಾವೆಲ್ಲ ಬಲ್ಲೆವು. ನಿಯಮ ಒಂದೇ, ಉಪಕರಣ ಬೇರೆ.

ಇಲ್ಲಿಯವರೆಗೆ ಕೇಳಿದವರು ‘ಹಾಗಾದರೆ ದೊಡ್ಡದೇ ಸರಿ’ ಎಂದು ಎದ್ದುಹೋಗಬಹುದು. ದಯವಿಟ್ಟು ಕುಳಿತಿರಿ. ವಾದದ ಇನ್ನರ್ಧ ಬಾಕಿಯಿದೆ, ಅದಕ್ಕಾಗಿ ಮನೆಯಿಂದ ಹೊರಗೆ ಹೋಗಬೇಕು.

ನಾವಿರುವ ಎವರೆಟ್‌ನಿಂದ ಉತ್ತರಕ್ಕೆ ಒಂದು ಗಂಟೆಯ ಒಳಗಿನ ದಾರಿಯಲ್ಲಿ ಸ್ಕ್ಯಾಜಿಟ್ ಕಣಿವೆಯಿದೆ. ಏಪ್ರಿಲ್ ತಿಂಗಳಲ್ಲಿ ಟ್ಯುಲಿಪ್ ಹೂವು ನೋಡಲು ನಾವೆಲ್ಲ ಹೋಗುವ ಆ ಹೊಲಗಳಿಗೇ ಚಳಿಗಾಲದಲ್ಲಿ ರಷ್ಯದ ರಾಂಗೆಲ್ ದ್ವೀಪದಿಂದ ಸಾವಿರಾರು ಬಿಳಿಯ ಹೆಬ್ಬಾತುಗಳು ಬಂದಿಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡವರಿಗೆ ಇವು ದೂರದ ನಂಟರೆನಿಸುವುದು ಸಹಜ. ಅದೇ ಸ್ಕ್ಯಾಜಿಟ್ ನದಿಯ ಮೇಲ್ಭಾಗಕ್ಕೆ ಡಿಸೆಂಬರ್, ಜನವರಿಯಲ್ಲಿ ಸಾಮನ್ ಮೀನನ್ನು ಅರಸಿ ಬೋಳುತಲೆಯ ಹದ್ದುಗಳು ಬರುತ್ತವೆ.

ಒಂದು ಹದ್ದು ನಲವತ್ತು ಮೀಟರ್ ದೂರದ ಕೊಂಬೆಯ ಮೇಲೆ ಕುಳಿತಿದೆಯೆನ್ನೋಣ. ಉದ್ದ 80 ಸೆಂ.ಮೀ. ನಮ್ಮ ಕೈಯಲ್ಲಿರುವುದು 400 ಮಿ.ಮೀ. ಲೆನ್ಸ್. ಲೆಕ್ಕ ಹಾಕಿದರೆ ಸೆನ್ಸರಿನ ಮೇಲೆ ಮೂಡುವ ಹದ್ದಿನ ಬಿಂಬದ ಉದ್ದ 8 ಮಿ.ಮೀ. ಗಮನಿಸಿ: ಸೆನ್ಸರ್ ದೊಡ್ಡದಿರಲಿ, ಚಿಕ್ಕದಿರಲಿ, ಬಿಂಬ ಎಂಟೇ ಮಿ.ಮೀ. ಬಿಂಬವನ್ನು ಬರೆಯುವುದು ಲೆನ್ಸೇ ಹೊರತು ಸೆನ್ಸರಲ್ಲ. ಹದ್ದಿನ ಮೇಲಿನ ಬೆಳಕೂ ಎರಡರಲ್ಲಿ ಸಮ. ದೊಡ್ಡ ಸೆನ್ಸರಿಗೆ ಹೆಚ್ಚಾಗಿ ದಕ್ಕಿದ್ದು ಹದ್ದಿನ ಸುತ್ತಲಿನ ಬರಿಯ ಆಕಾಶ. ಅದನ್ನು ನಾವು ಮನೆಗೆ ಬಂದು ಕತ್ತರಿಸಿ ಎಸೆಯುತ್ತೇವೆ. ಪರಾತ ದೊಡ್ಡದಾದರೂ ನಮಗೆ ಬೇಕಾದ ನೀರು ತಟ್ಟೆಯಷ್ಟೇ ಜಾಗದಲ್ಲಿ ಬಿದ್ದಂತಾಯಿತು.

ಇಲ್ಲಿ ಚಿಕ್ಕ ಸೆನ್ಸರ್ ಮುಂದಾಗುತ್ತದೆ. ಆರ್-7ರ ಒಂದೊಂದು ಬಿಂದುವಿನ ಅಗಲ 3.2 ಮೈಕ್ರಾನ್, ಆರ್-8ರದು 6 ಮೈಕ್ರಾನ್. ಆ ಎಂಟು ಮಿ.ಮೀ. ಉದ್ದದ ಹದ್ದಿಗೆ ಆರ್-7 ಸುಮಾರು 2,500 ಬಿಂದುಗಳನ್ನು ಕೊಟ್ಟರೆ ಆರ್-8 ಕೊಡುವುದು ಸುಮಾರು 1,330. ಗರಿಯ ಅಂಚು, ಕಣ್ಣಿನ ಹೊಳಪು ಕಾಣುವುದು ಮೊದಲನೆಯದರಲ್ಲಿ. ಆರ್-8ರಲ್ಲಿ ಇದಕ್ಕೆ ಸಮನಾದ ಚೌಕಟ್ಟು ಬೇಕೆಂದರೆ 640 ಮಿ.ಮೀ. ತಲಪುವ ಲೆನ್ಸ್ ಬೇಕು. ಕ್ಯಾನನ್‌ನ 100-400 ಲೆನ್ಸಿನ ತೂಕ 635 ಗ್ರಾಂ, 2021ರಲ್ಲಿ ಬಂದಾಗಿನ ಬೆಲೆ 649 ಡಾಲರ್. 200-800 ಲೆನ್ಸಿನ ತೂಕ ಎರಡು ಕಿಲೋಗ್ರಾಮಿಗೂ ಹೆಚ್ಚು, 2023ರಲ್ಲಿ ಬಂದಾಗಿನ ಬೆಲೆ 1,899 ಡಾಲರ್. ಕ್ಯಾಮೆರಾ ಸೇರಿದರೆ ಒಂದು ಕಡೆ ಒಂದೂಕಾಲು ಕಿಲೋ, ಇನ್ನೊಂದು ಕಡೆ ಎರಡೂವರೆ ಕಿಲೋ. ದೊಡ್ಡ ಲೆನ್ಸಿನ ಅಗಲವಾದ ಬಾಯಿ ಹೆಚ್ಚು ಬೆಳಕು ತರುತ್ತದೆಂಬುದು ನಿಜ. ಆದರೆ ಐವತ್ತು ದಾಟಿದ ಭುಜದ ಸ್ನಾಯುಗಳಿಗೆ ಎರಡೂವರೆ ಕಿಲೋವನ್ನು ಅರ್ಧ ಗಂಟೆ ಎತ್ತಿ ಹಿಡಿಯುವುದು ಹಿತವಲ್ಲ. ಇದನ್ನು ಛಾಯಾಗ್ರಾಹಕರಾಗಿ ಅಲ್ಲ, ವೈದ್ಯರಾಗಿಯೇ ಹೇಳುತ್ತಿದ್ದೇವೆ.

ಆದ್ದರಿಂದ ಮೊದಲ ತೀರ್ಮಾನ ಇದು. ನಮಗೆ ಕೊರತೆಯಿರುವುದು ದೂರದ್ದೋ, ಬೆಳಕಿನದೋ? ಹತ್ತಿರ ಹೋಗಲಾರದ ವಸ್ತುವಾದರೆ ಚಿಕ್ಕ ಸೆನ್ಸರ್ ಮೇಲು. ಹತ್ತಿರ ಹೋಗಬಹುದು, ಆದರೆ ಬೆಳಕಿಲ್ಲ ಎಂದಾದರೆ ದೊಡ್ಡ ಸೆನ್ಸರ್ ಮೇಲು. ರೋಗಿಯ ಕಥೆ ಕೇಳದೆ ಔಷಧ ಬರೆಯಬಾರದೆಂದು ನಮಗೆ ಕಲಿಸಿದ ಗುರುಗಳು ಹೇಳುತ್ತಿದ್ದರು. ಅಂಗಡಿಗೆ ಹೋಗುವ ಮುನ್ನ ಪ್ರತಿಯೊಂದು ಕುಟುಂಬವೂ ತನ್ನ ಕಥೆಯನ್ನು ತಾನೇ ಕೇಳಿಕೊಳ್ಳಬೇಕು.

ನಮ್ಮ ಕನ್ನಡದ ಇಬ್ಬರು ಹಿರಿಯರನ್ನು ನೆನೆಯೋಣ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ಅಲೆದವರು. ಮೈಸೂರಿನ ಟಿ.ಎಸ್. ಸತ್ಯನ್ ಅವರು (1923–2009) ಮನುಷ್ಯರ, ಅದರಲ್ಲಿಯೂ ಮಕ್ಕಳ, ನಿತ್ಯದ ಬದುಕನ್ನು ಹಿಡಿದವರು. ತೇಜಸ್ವಿಯವರ ಎದುರಿನ ಸಮಸ್ಯೆ ದೂರ. ಸತ್ಯನ್ ಅವರದು ಹತ್ತಿರದ ಮುಖದ ಮೇಲೆ ಬಿದ್ದ ಬೆಳಕು. ಇಬ್ಬರಿಗೂ ಒಂದೇ ಉಪಕರಣವನ್ನು ಶಿಫಾರಸು ಮಾಡುವವನು ಇಬ್ಬರ ಚಿತ್ರಗಳನ್ನೂ ನೋಡಿದವನಲ್ಲ.

ಈಗ ನಮ್ಮ ಕಥೆ. ನಾವು ಚಿತ್ರ ತೆಗೆಯುವುದು ಎಲ್ಲಿ, ಯಾವಾಗ? ನಮ್ಮ ದೊಡ್ಡ ಹಬ್ಬಗಳಲ್ಲಿ ಹಲವು, ದಸರೆ, ದೀಪಾವಳಿ, ರಾಜ್ಯೋತ್ಸವ, ಸಂಕ್ರಾಂತಿ, ಈ ಊರಿನ ಕತ್ತಲೆಯ ತಿಂಗಳುಗಳಲ್ಲೇ ಬರುತ್ತವೆ. ಎವರೆಟ್ 48ನೆಯ ಅಕ್ಷಾಂಶದ ಸಮೀಪದಲ್ಲಿದೆ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಇಲ್ಲಿ ಎಂಟೂಕಾಲು ಗಂಟೆಯ ಆಸುಪಾಸು, ಅದೂ ಮೋಡದ ಮರೆಯಲ್ಲಿ. ಸಂಜೆ ನಾಲ್ಕೂಕಾಲಿಗೆ ಸೂರ್ಯಾಸ್ತ. ಉಳಿದದ್ದೆಲ್ಲ ಶಾಲೆಯ ಸಭಾಂಗಣದ ದೀಪ, ದೇವರ ಕೋಣೆಯ ನಂದಾದೀಪ, ಊಟದ ಮೇಜಿನ ಮೇಲಿನ ಹಳದಿ ಬಲ್ಬು.

ಇನ್ನೊಂದು ಮಾತು ನಮ್ಮ ಮೈಬಣ್ಣದ್ದು. ಫಿಲ್ಮಿನ ಕಾಲದಲ್ಲಿ ಕೊಡಾಕ್ ಸಂಸ್ಥೆ ಬಣ್ಣದ ಪ್ರಿಂಟುಗಳನ್ನು ಹೊಂದಿಸಿಕೊಳ್ಳಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ‘ಶರ್ಲಿ ಕಾರ್ಡ್’ ಎಂದು ಅದಕ್ಕೆ ಹೆಸರು. ಬಹುಕಾಲ ಅದರಲ್ಲಿದ್ದದ್ದು ಬಿಳಿಯ ಮೈಬಣ್ಣದ ಮಹಿಳೆ. ಬೇರೆ ಬೇರೆ ಮೈಬಣ್ಣದವರನ್ನು ಕೂಡಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಇಂದಿನ ಕ್ಯಾಮೆರಾ ಹಾಗಿಲ್ಲ. ಆದರೂ ಅದರ ಬೆಳಕಿನ ಮಾಪಕ ದೃಶ್ಯದ ಸರಾಸರಿಯನ್ನು ನೋಡಲು ಹೋಗುತ್ತದೆ. ಹೊರಗೆ ಹಿಮ ಬಿದ್ದಿರುವಾಗ ಕಿಟಕಿಗೆ ಬೆನ್ನುಮಾಡಿ ಕುಳಿತ ಅಜ್ಜಿಯ ಕಂದುಬಣ್ಣದ ಮುಖ ಕಪ್ಪಾಗಿ ಬೀಳುತ್ತದೆ. ಬಳಿಕ ಕಂಪ್ಯೂಟರಿನಲ್ಲಿ ಎತ್ತಲು ಹೋದರೆ ಮುಖದ ಮೇಲೆ ಮರಳು. ಚೌಕಟ್ಟಿನಲ್ಲಿ ಅತಿ ಕಡಿಮೆ ಬೆಳಕು ಪಡೆದ ಭಾಗವೇ ನಮಗೆ ಅತಿ ಮುಖ್ಯವಾದ ಭಾಗ. ಆ ಭಾಗವನ್ನು ಎತ್ತಿದಾಗ ತಾಳಿಕೊಳ್ಳುವ ಶಕ್ತಿ ದೊಡ್ಡ ಸೆನ್ಸರಿಗೆ ಹೆಚ್ಚು. ಮಿರರ್‌ಲೆಸ್ ಕ್ಯಾಮೆರಾದ ಪರದೆಯಲ್ಲಿ ಚಿತ್ರ ಎಷ್ಟು ಬೆಳಗುವುದೆಂಬುದು ಮೊದಲೇ ಕಾಣುವುದರಿಂದ, ಗುಂಡಿ ಒತ್ತುವ ಮುನ್ನವೇ ಮುಖ ಸರಿಯಾಗುವಷ್ಟು ಹೆಚ್ಚಿಸಿಕೊಳ್ಳಬಹುದು. ಅಜ್ಜಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿದರಂತೂ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯಿತು.

ನ್ಯಾಯಕ್ಕಾಗಿ ಚಿಕ್ಕ ಸೆನ್ಸರಿನ ಪರವಾಗಿಯೂ ವಾದಿಸಬೇಕು. ಲೆನ್ಸಿನ ಆಯ್ಕೆ ಸೆನ್ಸರಿನ ಆಯ್ಕೆಯನ್ನು ತಲೆಕೆಳಗು ಮಾಡಬಲ್ಲದು. ಕ್ಯಾನನ್‌ನ 50 ಮಿ.ಮೀ. ಎಫ್ 1.8 ಲೆನ್ಸ್ 160 ಗ್ರಾಂ ತೂಗುತ್ತದೆ; 2020ರಲ್ಲಿ ಬಂದಾಗ ಅದರ ಬೆಲೆ 199 ಡಾಲರ್. ಅದನ್ನು ಆರ್-7ಕ್ಕೆ ಹಾಕಿದರೆ ಫುಲ್‌ಫ್ರೇಮಿನಲ್ಲಿ 80 ಮಿ.ಮೀ. ಎಫ್ 2.9 ಲೆನ್ಸ್ ಹಾಕಿದಷ್ಟೇ ನೋಟ, ಅಷ್ಟೇ ಒಟ್ಟು ಬೆಳಕು. ಆರ್-8 ಕೊಂಡು, ಅದರ ಮೇಲೆ ಎಫ್ 7.1ಕ್ಕೆ ಇಳಿಯುವ ಅಗ್ಗದ ಜೂಮ್ ಹಾಕಿ ಮನೆಯೊಳಗೆ ತೆಗೆಯುವವರಿಗಿಂತ, ಆರ್-7ರ ಮೇಲೆ ಈ ಪುಟ್ಟ ಲೆನ್ಸ್ ಹಾಕಿದವರ ಚಿತ್ರವೇ ಸ್ವಚ್ಛವಾಗಿರುತ್ತದೆ. ಹಣವೆಲ್ಲವನ್ನೂ ಕ್ಯಾಮೆರಾಕ್ಕೆ ಸುರಿದು ಲೆನ್ಸಿಗೆ ಉಳಿಸದಿರುವುದು, ರೇಷ್ಮೆಯಂಗಡಿಯಲ್ಲಿ ಸೀರೆ ಕೊಂಡು ಕುಪ್ಪಸಕ್ಕೆ ಹಣವಿಲ್ಲವೆಂದಂತೆ.

ಇತರ ಅಂಶಗಳನ್ನೂ ತೂಗೋಣ. ಆರ್-7ರ ದೇಹದೊಳಗೇ ಕೈನಡುಕವನ್ನು ತಡೆಯುವ ವ್ಯವಸ್ಥೆಯಿದೆ, ಆರ್-8ರಲ್ಲಿಲ್ಲ. ಆದರೆ ಅದು ಚಿತ್ರ ತೆಗೆಯುವವರ ನಡುಕಕ್ಕೆ ಮದ್ದು, ಓಡುವ ಮಗುವಿನ ಓಟಕ್ಕಲ್ಲ. ಆರ್-7ರಲ್ಲಿ ಎರಡು ಕಾರ್ಡುಗಳಿಗೆ ಜಾಗವಿದೆ. ಮಗಳ ಭರತನಾಟ್ಯದ ರಂಗಪ್ರವೇಶದಂಥ ದಿನ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಆರ್-8ಕ್ಕೆ ಒಂದೇ ಕಾರ್ಡು, ಚಿಕ್ಕ ಬ್ಯಾಟರಿ. ಕೊಳ್ಳುವವರು ಇನ್ನೊಂದು ಬ್ಯಾಟರಿಯನ್ನು ಕೂಡಲೇ ಕೊಳ್ಳತಕ್ಕದ್ದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಎರಡರಲ್ಲಿಯೂ ಇದೆ, ಪೂಜೆಯ ವೇಳೆಗೆ ಬಹಳ ಹಿತ. ಆದರೆ ಎಲ್‌ಇಡಿ ದೀಪಗಳ ವೇದಿಕೆಯಲ್ಲಿ ಅದರಿಂದ ಚಿತ್ರದಲ್ಲಿ ಪಟ್ಟೆಗಳು ಬೀಳಬಹುದು. ಆರ್-7ರಲ್ಲಿ ಅದು ಸೆನ್ಸರನ್ನು ಓದುವ ವೇಗ ಕಡಿಮೆಯಾದ್ದರಿಂದ ವೇಗವಾಗಿ ಬೀಸಿದ ಕೈ ಬಾಗಿದಂತೆಯೂ ಕಾಣಬಹುದು. ಅಲ್ಲಿ ಸದ್ದು ಮಾಡುವ ಹಳೆಯ ಬಗೆಯ ಶಟರೇ ಲೇಸು.

ಮೆಗಾಪಿಕ್ಸೆಲಿನ ಮೋಹ ಬೇಡ. ಗೋಡೆಗೆ ಹಾಕುವ 8ಕ್ಕೆ 10 ಅಂಗುಲದ ಒಳ್ಳೆಯ ಪ್ರಿಂಟಿಗೆ ಬೇಕಾದದ್ದು ಏಳೂ ಚಿಲ್ಲರೆ ಮೆಗಾಪಿಕ್ಸೆಲ್. 4ಕೆ ದೂರದರ್ಶನಕ್ಕೆ ಎಂಟೂ ಚಿಲ್ಲರೆ. ಎರಡು ಕ್ಯಾಮೆರಾಗಳೂ ಅದನ್ನು ಎಂದೋ ದಾಟಿವೆ. ಫೋನು ಸಾಲದೇ ಎಂದು ಕೇಳುವವರಿಗೆ ಉತ್ತರ: ಹಗಲಿನಲ್ಲಿ, ಅಲುಗಾಡದ ವಸ್ತುವಿಗೆ, ಧಾರಾಳವಾಗಿ ಸಾಕು. ಬೇಸಗೆಯಲ್ಲಿ ಜೆಟ್ಟಿ ದ್ವೀಪದ ಮರಳಿನಲ್ಲಿ ಮಕ್ಕಳು ಆಡುವ ಚಿತ್ರಕ್ಕೆ ಸಾವಿರಾರು ಡಾಲರ್ ವೆಚ್ಚ ಮಾಡುವ ಅಗತ್ಯವಿಲ್ಲ.

ಇನ್ನು ಇದೆಲ್ಲದರ ಹಿಂದಿರುವ ನಿಜವಾದ ಮಾತು. ನಮ್ಮ ತಂದೆತಾಯಿಗಳು ಸಂದರ್ಶಕರ ವೀಸಾದ ಮೇಲೆ ಬರುತ್ತಾರೆ, ಹೆಚ್ಚೆಂದರೆ ಆರು ತಿಂಗಳಿರುತ್ತಾರೆ, ಹಿಂದಿರುಗುತ್ತಾರೆ. ಒಂದು ದಿನ ಊರಿನಿಂದ ಅಪರಾತ್ರಿಯಲ್ಲಿ ದೂರವಾಣಿ ಬರುತ್ತದೆ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಒಂದು ಚಿತ್ರ ಬೇಕು. ನಮ್ಮ ಬಳಗದ ಒಂದು ಮನೆಯಲ್ಲಿ ಹೀಗೆ ಹುಡುಕುವಾಗ ನಾವೂ ಜೊತೆಗಿದ್ದೆವು. ಕಂಪ್ಯೂಟರಿನಲ್ಲಿ ಮೌಂಟ್ ರೇನಿಯರ್ ಪರ್ವತದ ನೂರಾರು ಚಿತ್ರಗಳಿದ್ದವು. ಹದ್ದು, ಹೆಬ್ಬಾತು, ಟ್ಯುಲಿಪ್ ಇದ್ದವು. ಎವರೆಟ್‌ನ ಬೋಯಿಂಗ್ ಕಾರ್ಖಾನೆಯಿಂದ 2022ರ ಡಿಸೆಂಬರಿನಲ್ಲಿ ಹೊರಬಂದ ಕೊನೆಯ 747 ವಿಮಾನವೂ ಇತ್ತು. ತಾಯಿಯ ಮುಖ ಮಾತ್ರ ಹದಿನಾಲ್ಕು ಜನರ ಗುಂಪಿನ ಚಿತ್ರವೊಂದರ ಅಂಚಿನಲ್ಲಿ, ಹೆಬ್ಬೆರಳ ಉಗುರಿನಷ್ಟು. ಅದನ್ನೇ ಕತ್ತರಿಸಿ ಹಿಗ್ಗಿಸಿದರು. ಮೂಗುತಿ ಕಾಣುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ.

ಆದ್ದರಿಂದ ಎರಡೂ ಬೇಕೆನಿಸಿ, ಒಂದನ್ನಷ್ಟೇ ಕೊಳ್ಳಬಲ್ಲ ಕುಟುಂಬಕ್ಕೆ ನಮ್ಮ ಸಲಹೆ ಸರಳ. ಮತ್ತೆ ಬರುವುದಾವುದು, ಬಾರದಿರುವುದಾವುದು ಎಂದು ಕೇಳಿಕೊಳ್ಳಿ. ಹೆಬ್ಬಾತು ಬರುವ ಅಕ್ಟೋಬರಿನಲ್ಲಿ ಮತ್ತೆ ಇಳಿಯುತ್ತದೆ. ಎಂಬತ್ತರ ತಾಯಿ, ಎಂಟರ ಮಗು ಇಂದಿರುವಂತೆ ಇನ್ನೊಮ್ಮೆ ಇರುವುದಿಲ್ಲ. ಮನೆಯೊಳಗಿನ ಮುಖಗಳೇ ಮುಖ್ಯವಾದರೆ ಆರ್-8ರಂಥ ದೊಡ್ಡ ಸೆನ್ಸರಿನ ಹಗುರವಾದ ಕ್ಯಾಮೆರಾ, ಜೊತೆಗೆ 50 ಮಿ.ಮೀ. ಎಫ್ 1.8 ಲೆನ್ಸ್. ಮನೆಯಲ್ಲಿ ಹಕ್ಕಿಗಳನ್ನು ನಿಜವಾಗಿ ಬೆನ್ನಟ್ಟುವವರು ಇದ್ದರೆ ಆರ್-7ರಂಥದು ಮತ್ತು 100-400, ಆದರೆ ಆ ಪುಟ್ಟ 50 ಮಿ.ಮೀ. ಲೆನ್ಸನ್ನು ಚೀಲದಲ್ಲಿ ಮರೆಯದೆ ಇಟ್ಟುಕೊಂಡು. ಮಾದರಿಗಳ ಹೆಸರು ವರ್ಷ ವರ್ಷವೂ ಬದಲಾಗುತ್ತದೆ, ಬೆಲೆಯೂ ಏರಿಳಿಯುತ್ತದೆ. ದೂರವೋ ಬೆಳಕೋ ಎಂಬ ಪ್ರಶ್ನೆ ಬದಲಾಗದು.

ಕಡೆಯದಾಗಿ ಒಂದು ವಿನಂತಿ. ಯಾವುದನ್ನೇ ಕೊಳ್ಳಿ, ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ. ಹಿಂಬದಿಯಲ್ಲಿ ಹೆಸರು, ಊರು, ಇಸವಿಯನ್ನು ಕನ್ನಡದಲ್ಲಿ ಬರೆಯಿರಿ. ಬರೆಯುವ ಕೆಲಸವನ್ನು ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ವಹಿಸಿದರೆ ಅಕ್ಷರಾಭ್ಯಾಸವೂ ಆಯಿತು, ಅಜ್ಜಿಯ ತವರೂರಿನ ಹೆಸರೂ ಉಳಿಯಿತು. ಆ ಹೆಸರನ್ನು ಬಲ್ಲವರು ನಮ್ಮ ತಲೆಮಾರಿನವರೇ, ನಾವಿರುವಾಗಲೇ ಬರೆಸಿಡಬೇಕು.